ಹುಡುಗರ ಕೈಯ ಮೊಬೈಲು ಊರ ಕೆಲಸಕ್ಕೆ ಬಂದೀತೇ?

'ಈಗಿನ ಹುಡುಗರು ಮೂರು ಹೊತ್ತೂ ಮೊಬೈಲು ನೋಡ್ತಾರೆ. ಊರ ಉಸಾಬರಿ ಬೇಡ, ಹೊಲದ ಉಸಾಬರಿ ಬೇಡ.' ಈ ಮಾತು ಯಾವ ಊರಿನ ಅರಳಿಕಟ್ಟೆಗೆ ಹೋದರೂ ಕಿವಿಗೆ ಬೀಳುತ್ತದೆ. ಮಾತು ಅರ್ಧ ನಿಜ. ಇನ್ನರ್ಧ ಏನೆಂದರೆ, ಸರಕಾರಕ್ಕೂ ರೈತನಿಗೂ ನಡುವಿನ ವ್ಯವಹಾರವೆಲ್ಲ ಈಗ ಅದೇ ಮೊಬೈಲಿನೊಳಗೆ ಹೋಗಿ ಕೂತಿದೆ. ಪಹಣಿ ಅಲ್ಲೇ, ಬೆಳೆ ಸಮೀಕ್ಷೆ ಅಲ್ಲೇ, ವಿಮೆ ಅಲ್ಲೇ, ಪಂಚಾಯ್ತಿ ಲೆಕ್ಕವೂ ಅಲ್ಲೇ. ಮುಂಚೆ ಗ್ರಾಮ ಲೆಕ್ಕಿಗರ ಚೀಲದಲ್ಲಿ ಇದ್ದದ್ದು ಈಗ ಹುಡುಗರ ಅಂಗೈಯಲ್ಲಿದೆ. ಆದರೆ ಹುಡುಗರು ಅದನ್ನು ತೆರೆದು ನೋಡುತ್ತಾರೆಯೇ? ತಮ್ಮ ಮನೆಗಷ್ಟೇ ಅಲ್ಲ, ಊರಿಗೆ ಬೇಕಾದ್ದನ್ನು ಕೇಳುತ್ತಾರೆಯೇ?

ನಮ್ಮದು ಚಳ್ಳಕೆರೆ ಸೀಮೆಯ ಮಳೆಯಾಶ್ರಿತ ಊರು. ಶೇಂಗಾ, ಅದರೊಳಗೆ ತೊಗರಿಯ ಅಕ್ಕಡಿ ಸಾಲು, ಸಜ್ಜೆ, ಅಲ್ಲಲ್ಲಿ ಈರುಳ್ಳಿ. ಕಳೆದ ಐದಾರು ವರ್ಷದಲ್ಲಿ ನಮ್ಮ ಹುಡುಗರು ಎಲ್ಲಿ ಮುಂದೆ ಬಂದರು, ಎಲ್ಲಿ ಹಿಂದೆ ಸರಿದರು, ಯಾಕೆ ಸರಿದರು ಎಂಬುದನ್ನು ನೋಡಿದ್ದೇನೆ. ಅದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಬಂದದ್ದು ಬೆಳೆ ಸಮೀಕ್ಷೆಗೆ

2020ರ ಮುಂಗಾರಿನಲ್ಲಿ ರಾಜ್ಯ ಸರಕಾರ ಒಂದು ಆ್ಯಪ್ ಕೊಟ್ಟು, 'ನಿಮ್ಮ ಹೊಲದ ಬೆಳೆಯನ್ನು ನೀವೇ ಫೋಟೊ ತೆಗೆದು ಹಾಕಿ' ಎಂದಿತು. ಹೊಲದ ಗಡಿಯೊಳಗೆ ನಿಂತರೆ ಮಾತ್ರ ಫೋಟೊ ತೆಗೆದುಕೊಳ್ಳುತ್ತದೆ. ಮನೆಯ ಜಗಲಿ ಮೇಲೆ ಕೂತು ಏನೋ ಒಂದು ತುಂಬಿಸಲಾಗದು. ರೈತರು ಹಾಕದೆ ಉಳಿದ ಹೊಲಗಳನ್ನು ಊರಿನವರೇ ಆದ 'ಖಾಸಗಿ ನಿವಾಸಿ'ಗಳು ಮಾಡುತ್ತಾರೆ. ಓದಿ ಊರಲ್ಲೇ ಇರುವ ಹುಡುಗರೇ ಇದರಲ್ಲಿ ಹೆಚ್ಚು. ತಾಕಿಗೆ ಇಷ್ಟು ಎಂದು ದುಡ್ಡು ಸಿಗುತ್ತದೆ.

ಈ ಸಮೀಕ್ಷೆ ಬರೀ ಲೆಕ್ಕಕ್ಕಲ್ಲ. ಪಹಣಿಯ ಬೆಳೆ ಕಾಲಮ್ಮಿಗೆ, ಬೆಳೆ ಪರಿಹಾರಕ್ಕೆ, ವಿಮೆಗೆ, ಬೆಂಬಲ ಬೆಲೆಯ ಖರೀದಿಗೆ ಇದೇ ಆಧಾರ. ವಿಮೆ ಕಟ್ಟಿದ್ದು ಶೇಂಗಾಕ್ಕೆ, ಸಮೀಕ್ಷೆಯಲ್ಲಿ ಕೂತಿದ್ದು 'ಬೀಳು' ಅಂದರೆ ಮುಗಿಯಿತು. ಪ್ರಸ್ತಾವನೆ ತಿರಸ್ಕಾರ. ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇಕಡಾ 2 ರೈತ ಕಟ್ಟುವ ಕಂತು. ಕಟ್ಟಿದ ಹಣ ಹೋಗುವುದಕ್ಕಿಂತ ಬರಗಾಲದ ವರ್ಷ ಬರಬೇಕಾದ್ದು ಬಾರದೆ ಹೋಗುತ್ತದಲ್ಲ, ಪೆಟ್ಟು ಅದು.

ಸಮೀಕ್ಷೆಯಾದ ಮೇಲೆ 'ಬೆಳೆ ದರ್ಶಕ' ಎಂಬ ಇನ್ನೊಂದು ಆ್ಯಪಿನಲ್ಲಿ ಯಾರು ಬೇಕಾದರೂ ನೋಡಬಹುದು. ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೆ ನಂಬರು ಒತ್ತಿದರೆ ಯಾವ ಬೆಳೆ ಎಂದು ಬರೆದಿದ್ದಾರೆ, ಫೋಟೊ ಯಾವುದು ಎಂದು ಕಾಣುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಅದಕ್ಕೆ ಗಡುವು ಇರುತ್ತದೆ. ಗಡುವು ದಾಟಿದರೆ ಆಫೀಸಿಂದ ಆಫೀಸಿಗೆ ಅಲೆದಾಟ.

2023 ಎಂಥ ವರ್ಷ ಎಂದು ಬಯಲುಸೀಮೆಯವರಿಗೆ ಹೇಳಬೇಕಿಲ್ಲ. ಆ ಸೆಪ್ಟೆಂಬರಿನಲ್ಲಿ ಸರಕಾರ ಮೊದಲಿಗೆ 195 ತಾಲೂಕು ಬರಪೀಡಿತ ಎಂದು ಘೋಷಿಸಿತು. ಆಮೇಲೆ ಪಟ್ಟಿ 223ಕ್ಕೆ ಏರಿತು. ಹೂವಿಗೆ ಬಂದ ಶೇಂಗಾ ಊಡು ಇಳಿಸದೆ ಒಣಗಿತು. ಆಗ ನಮ್ಮೂರ ಐದು ಜನ ಹುಡುಗರು, ಜೊತೆಗೆ ಡಿಗ್ರಿ ಓದುತ್ತಿದ್ದ ಇಬ್ಬರು ಹೆಣ್ಣುಮಕ್ಕಳು ಸೇರಿ ಒಂದು ಕೆಲಸ ಮಾಡಿದರು. ಊರಿನ ಸರ್ವೆ ನಂಬರುಗಳನ್ನು ಹಂಚಿಕೊಂಡು ಒಂದೊಂದನ್ನೇ ಬೆಳೆ ದರ್ಶಕದಲ್ಲಿ ನೋಡಿದರು. ನೋಟ್ ಪುಸ್ತಕದಲ್ಲಿ ಮೂರು ಕಾಲಮ್ಮು: ಸರ್ವೆ ನಂಬರು, ಆ್ಯಪಿನಲ್ಲಿ ಇರುವ ಬೆಳೆ, ಹೊಲದಲ್ಲಿ ಇರುವ ಬೆಳೆ.

ಮೂರನೇ ಕಾಲಮ್ಮು ತುಂಬಲು ಅವರಿಗೆ ಬರಲಿಲ್ಲ. 'ದೊಡ್ಡಪ್ಪ, 42ರ ಹಿಸ್ಸಾ 3 ಯಾರದು? ಅಲ್ಲೇನು ಬಿತ್ತಿದ್ರು?' ಎಂದು ನಮ್ಮ ಹತ್ತಿರ ಬಂದರು. ನಮಗೆ ನಂಬರು ಗೊತ್ತಿಲ್ಲ, ಹೊಲ ಗೊತ್ತು. ಅವರಿಗೆ ಹೊಲ ಗೊತ್ತಿಲ್ಲ, ನಂಬರು ಗೊತ್ತು. ಎರಡೂ ಸೇರಿದ ಮೇಲೆ ಲೆಕ್ಕ ಸರಿಹೋಯಿತು. ಕೆಲವು ತಾಕು ಬಿತ್ತಿದ್ದರೂ ಬೀಳು ಎಂದಿತ್ತು. ಕೆಲವು ಕಡೆ ಅಕ್ಕಡಿಯ ತೊಗರಿಯೇ ಮುಖ್ಯ ಬೆಳೆಯಾಗಿ ಕೂತು ಶೇಂಗಾ ಮಾಯವಾಗಿತ್ತು. ಫೋಟೊ ತೆಗೆದವನು ಬದುವಿನ ಪಕ್ಕದ ತೊಗರಿ ಸಾಲಿಗೇ ಕ್ಯಾಮೆರಾ ಹಿಡಿದಿದ್ದ, ಅಷ್ಟೆ. ಎಲ್ಲದಕ್ಕೂ ಗಡುವಿನೊಳಗೆ ಆಕ್ಷೇಪಣೆ ಹೋಯಿತು. ಎಲ್ಲವೂ ಸರಿಯಾಗಲಿಲ್ಲ, ಬಹಳಷ್ಟು ಸರಿಯಾದವು.

ಬೆಲೆ ಎಷ್ಟು ಎಂದು ಲೆಕ್ಕ ಹಾಕಿ. ಮಳೆಯಾಶ್ರಿತ ಬೆಳೆಗೆ ಆಗಿನ ನಿಯಮದಂತೆ ಪರಿಹಾರ ಹೆಕ್ಟೇರಿಗೆ 8,500 ರೂ., ಹೆಚ್ಚೆಂದರೆ ಎರಡು ಹೆಕ್ಟೇರಿಗೆ. ಐದು ಎಕರೆ ಒಣಭೂಮಿಯವನಿಗೆ ಹತ್ತಿರ ಹತ್ತಿರ 17,000 ರೂ. ಮುಂದಿನ ಬಿತ್ತನೆಗೆ ಶೇಂಗಾ ಬೀಜ ಕೊಳ್ಳುವ ದುಡ್ಡು ಅದು. ಈ ಹಣ ಫ್ರೂಟ್ಸ್ ನೋಂದಣಿ ಇದ್ದವರ ಖಾತೆಗೆ ಹೋಗುವ ಏರ್ಪಾಡು. ಊರಲ್ಲಿ ಎಷ್ಟೋ ಜನರ ಕೆಲವು ಸರ್ವೆ ನಂಬರು ಫ್ರೂಟ್ಸ್‌ಗೆ ಸೇರಿರಲೇ ಇಲ್ಲ. ಅದನ್ನೂ ಇದೇ ಹುಡುಗರು ನೋಡಿ ಹೇಳಿದರು.

ಯಾಕೆ ಬಂದರು?

ಅವರನ್ನೇ ಕೇಳಿದೆ. ಒಬ್ಬೊಬ್ಬರದು ಒಂದೊಂದು ಉತ್ತರ. ಸೇರಿಸಿ ನೋಡಿದರೆ ನಾಲ್ಕು ಕಾರಣ ಕಾಣುತ್ತದೆ.

ಒಂದು, ಕೆಲಸಕ್ಕೆ ತುದಿ ಮೊದಲು ಇತ್ತು. ಹದಿನೈದು ದಿನ, ಇಷ್ಟು ನಂಬರು, ಮುಗಿಯಿತು. 'ಊರು ಉದ್ಧಾರ ಮಾಡಿ' ಎಂದರೆ ಯಾವ ಹುಡುಗನೂ ಬರುವುದಿಲ್ಲ. 'ಈ ನಲವತ್ತು ನಂಬರು ನೋಡಿಕೊಡು' ಎಂದರೆ ಬರುತ್ತಾನೆ.

ಎರಡು, ಫಲ ಕಣ್ಣಿಗೆ ಬಿತ್ತು. ಆಕ್ಷೇಪಣೆ ಹಾಕಿದ ಕೆಲವು ದಿನಕ್ಕೆ ಆ್ಯಪಿನಲ್ಲಿ ಬೆಳೆ ಬದಲಾಗಿದ್ದನ್ನು ಅವರೇ ನೋಡಿದರು.

ಮೂರು, ತಮ್ಮ ಹೊಲವೂ ಅದರಲ್ಲಿತ್ತು. ಅಪ್ಪನ ಹೆಸರಲ್ಲಿ ಪಹಣಿ ಇರುವ ಹುಡುಗನಿಗೆ ಹೊಲದ ಮೇಲೆ ಹಕ್ಕು ಚಲಾಯಿಸುವ ಅವಕಾಶ ಬೇರೆ ಎಲ್ಲಿ ಸಿಗುತ್ತದೆ?

ನಾಲ್ಕನೆಯದು ಹೆಣ್ಣುಮಕ್ಕಳು ಹೇಳಿದ್ದು. 'ಕಟ್ಟೆ ಮೇಲೆ ಕೂತು ಮಾತಾಡಕ್ಕೆ ನಮಗೆ ಜಾಗ ಇಲ್ಲ ಮಾವ. ಇದನ್ನ ಮನೇಲೇ ಕೂತು ಮಾಡಬಹುದು.' ಈ ಮಾತು ನನಗೆ ಬಹಳ ದಿನ ತಲೆಯಲ್ಲಿ ಉಳಿಯಿತು.

ಇನ್ನೊಂದು ಸಂಗತಿ. ಕೆಲಸಕ್ಕೆ ಬೆಂಗಳೂರಿಗೆ ಹೋದ ಹುಡುಗರೂ ಇದರಲ್ಲಿ ಸೇರಿದರು. ಊರಲ್ಲಿ ಸಿಗ್ನಲ್ ಸಿಗಬೇಕಾದರೆ ಗುಡಿಯ ಪೌಳಿ ಹತ್ತಬೇಕು. ಅಲ್ಲಿ ಹಾಗಲ್ಲ. ರಾತ್ರಿ ರೂಮಿನಲ್ಲಿ ಕೂತು ನಂಬರು ನೋಡಿ ವಾಟ್ಸಾಪಿನಲ್ಲಿ ಕಳಿಸಿದರು. ಊರು ಬಿಟ್ಟವನು ಊರಿಗೆ ಇಲ್ಲ ಎನ್ನುವ ಹಾಗಿಲ್ಲ.

ಎಲ್ಲಿ ಹಿಂದೆ ಸರಿದರು?

ಬೆಳೆ ಸಮೀಕ್ಷೆಯಲ್ಲಿ ಗೆದ್ದ ಹುರುಪಿಗೆ ಅದೇ ಹುಡುಗರಲ್ಲಿ ಒಬ್ಬ ಕುಡಿಯುವ ನೀರಿನ ದೂರು ಕೊಟ್ಟ. ರಾಜ್ಯದಲ್ಲಿ 2021ರಿಂದ 'ಜನಸ್ಪಂದನ' ಎಂಬ ವ್ಯವಸ್ಥೆ ಇದೆ. 1902ಕ್ಕೆ ಫೋನು ಮಾಡಿ, ಇಲ್ಲವೇ ಆನ್‌ಲೈನಿನಲ್ಲಿ ದೂರು ಕೊಡಬಹುದು. ಒಂದು ನಂಬರು ಕೊಡುತ್ತಾರೆ. ವ್ಯವಸ್ಥೆ ಒಳ್ಳೆಯದೇ. ಆದರೆ ದೂರು ಮೇಲಿಂದ ಇಳಿದು ಇಳಿದು ಕೊನೆಗೆ ಯಾರ ಮೇಲೆ ದೂರೋ ಅವರ ಮೇಜಿಗೇ ಬಂತು. ದೂರು ಕೊಟ್ಟವನ ಹೆಸರು, ಫೋನು ಸಮೇತ!

ಮರುದಿನ ಫೋನು ಬಂದದ್ದು ಹುಡುಗನಿಗಲ್ಲ, ಅವನ ಅಪ್ಪನಿಗೆ. 'ನಿಮ್ ಹುಡ್ಗ ಯಾಕೋ ಶ್ಯಾನೆ ಓದ್ಕಂಡವ್ನೆ. ನಮ್ಮನ್ನೇ ಒಂದು ಮಾತು ಕೇಳಿದ್ರೆ ಆಗ್ತಿರ್ಲಿಲ್ವ?' ಬೈಗುಳವಿಲ್ಲ, ಬೆದರಿಕೆಯಿಲ್ಲ. ಅಷ್ಟೇ ಸಾಕಾಯಿತು. ಅಪ್ಪನಿಗೆ ಮನೆ ಬಿಲ್ಲು ಬಾಕಿ ಇತ್ತು, ಕೃಷಿಹೊಂಡದ ಅರ್ಜಿ ಇತ್ತು. 'ನಮಗ್ಯಾಕಪ್ಪ ಊರ ಮೇಲಿನ ಮಾರಿ' ಎಂದು ಮಗನ ಬಾಯಿ ಮುಚ್ಚಿಸಿದ. ವಾರ ಕಳೆದ ಮೇಲೆ ಹುಡುಗನ ಮೊಬೈಲಿಗೆ ಸಂದೇಶ ಬಂತು, ದೂರು 'ಮುಕ್ತಾಯ'ವಾಗಿದೆ ಎಂದು. ನಲ್ಲಿಯಲ್ಲಿ ನೀರು ಬಂದಿರಲಿಲ್ಲ.

ಆ ಹುಡುಗ ಮತ್ತೆ ದೂರು ಕೊಡಲಿಲ್ಲ. ಅವನನ್ನು ನೋಡಿದ ಉಳಿದವರೂ ಕೊಡಲಿಲ್ಲ. ಹುಡುಗರಿಗೆ ಆಸಕ್ತಿ ಇಲ್ಲ ಎನ್ನುವವರು ಈ ಜಾಗವನ್ನು ನೋಡಬೇಕು. ಹುಡುಗನಿಗೆ ಆಸಕ್ತಿ ಇತ್ತು. ಅದನ್ನು ಆರಿಸಿದ್ದು ಒಂದು ಫೋನು, ಒಂದು ಸುಳ್ಳು 'ಮುಕ್ತಾಯ', ಮತ್ತು ಮನೆಯವರ ಹೆದರಿಕೆ.

ಓದಿದ ಹುಡುಗರಿಗೆ ಇನ್ನೂ ಒಂದು ಅಂಜಿಕೆ ಇದೆ. ಪೊಲೀಸ್ ಪರೀಕ್ಷೆ ಕಟ್ಟಿದವರು, ಸರಕಾರಿ ಕೆಲಸಕ್ಕೆ ಕಾಯುತ್ತಿರುವವರು 'ನಮ್ಮ ಹೆಸರು ಎಲ್ಲೂ ಬರೋದು ಬೇಡ' ಎನ್ನುತ್ತಾರೆ. ಅವರನ್ನು ಹೇಡಿ ಎನ್ನಲು ನನಗೆ ಮನಸ್ಸಿಲ್ಲ. ಒಬ್ಬನ ಹೆಸರಲ್ಲಿ ಊರ ಜಗಳ ಕಟ್ಟಿಸುವುದೇ ತಪ್ಪು.

ದೇಶದ ಮಟ್ಟದಲ್ಲಿ ಆಗಿದೆ

ಹುಡುಗರು ಒಟ್ಟಾಗಿ ಕೂತಲ್ಲಿಂದಲೇ ಮಾತಾಡಿದರೆ ಸರಕಾರಕ್ಕೆ ಕೇಳಿಸುವುದಿಲ್ಲ ಎಂಬುದು ಸುಳ್ಳು. 2015ರಲ್ಲಿ ಇಂಟರ್‌ನೆಟ್ಟಿನಲ್ಲಿ ಕೆಲವು ಕಂಪನಿಗಳಿಗೆ ಒಂದು ದರ, ಉಳಿದವರಿಗೆ ಇನ್ನೊಂದು ದರ ಎಂಬ ಮಾತು ಬಂದಾಗ, ಟೆಲಿಕಾಂ ನಿಯಂತ್ರಣ ಪ್ರಾಧಿಕಾರಕ್ಕೆ ಹತ್ತು ಲಕ್ಷಕ್ಕೂ ಮೀರಿ ಇ-ಮೇಲ್ ಹೋದವು. ಅದರಲ್ಲಿ ಮುಂದೆ ನಿಂತವರು ಯುವಕರು. 2016ರ ಫೆಬ್ರುವರಿ 8ರಂದು ಪ್ರಾಧಿಕಾರ ಅಂಥ ಭೇದದ ದರವನ್ನು ನಿಷೇಧಿಸಿತು.

ಇನ್ನೊಂದು ನಮಗೆ ಹತ್ತಿರದ್ದು. 2020ರಲ್ಲಿ ಕೇಂದ್ರ ಸರಕಾರ ಪರಿಸರ ಪರಿಣಾಮ ಅಧ್ಯಯನದ ಹೊಸ ಕರಡು ಹೊರಡಿಸಿತು. ಗಣಿ, ಕಾರ್ಖಾನೆ, ದೊಡ್ಡ ಯೋಜನೆ ಬರುವ ಕಡೆ ಜನರ ಅಹವಾಲು ಕೇಳುವ ಸಭೆಗೆ ಮುಂಚೆ 30 ದಿನದ ನೋಟೀಸು ಕೊಡಬೇಕಿತ್ತು. ಕರಡಿನಲ್ಲಿ ಅದು 20 ದಿನಕ್ಕೆ ಇಳಿಯಿತು. ಗಣಿ ಲಾರಿ ಓಡಾಡುವ ನಮ್ಮ ಜಿಲ್ಲೆಯವರಿಗೆ ಹತ್ತು ದಿನ ಎಂದರೇನು ಎಂದು ಗೊತ್ತು. ದೇಶದ ಹುಡುಗ ಹುಡುಗಿಯರು ಲಾಕ್‌ಡೌನಿನಲ್ಲಿ ಮನೆಯೊಳಗೆ ಕೂತೇ ಲಕ್ಷಗಟ್ಟಲೆ ಆಕ್ಷೇಪಣೆ ಕಳಿಸಿದರು. ಹಾಗೆ ಕಳಿಸಲು ನೆರವಾದ ಯುವಕರ ಕೆಲವು ವೆಬ್‌ಸೈಟುಗಳನ್ನೇ ಆ ಜುಲೈಯಲ್ಲಿ ತಡೆಹಿಡಿದದ್ದೂ ಉಂಟು.

ಅದರಲ್ಲಿ ನಮ್ಮಂಥವರು ಎಷ್ಟು ಜನ? ಕರಡು ಇದ್ದದ್ದು ಇಂಗ್ಲಿಷು, ಹಿಂದಿಯಲ್ಲಿ. 2020ರ ಜೂನ್ 30ರಂದು ದೆಹಲಿ ಹೈಕೋರ್ಟು ಅದನ್ನು ಸಂವಿಧಾನದ 22 ಭಾಷೆಗಳಿಗೂ ಅನುವಾದಿಸಬೇಕೆಂದು ಹೇಳಿತು. ಕರ್ನಾಟಕ ಹೈಕೋರ್ಟಿನಲ್ಲೂ ಇದೇ ವಿಷಯಕ್ಕೆ ಕೇಸು ನಡೆದು ಅಂತಿಮ ಅಧಿಸೂಚನೆಗೆ ತಡೆ ಸಿಕ್ಕಿತು. ಆ ಕರಡು ಹಾಗೇ ಜಾರಿಗೆ ಬರಲಿಲ್ಲ. ನಾನು ಇದರಿಂದ ತಿಳಿದದ್ದು ಇಷ್ಟು: ಕನ್ನಡದಲ್ಲಿ ಇಲ್ಲದ ಕಾಗದಕ್ಕೆ ಹಳ್ಳಿಯ ಹುಡುಗ ಉತ್ತರ ಬರೆಯುವುದಿಲ್ಲ. ಅವನಿಗೆ ಮನಸ್ಸಿಲ್ಲ ಎಂದಲ್ಲ, ಓದಲು ಕೊಟ್ಟೇ ಇಲ್ಲ.

ಒತ್ತಿದರೆ ಸಾಲದು, ಎದ್ದು ಹೋಗಬೇಕು

ಮೊಬೈಲಿನಲ್ಲಿ ಒತ್ತಿ ಕೂತುಬಿಟ್ಟರೆ ಕೆಲಸವಾಗುತ್ತದೆ ಎಂಬ ಭ್ರಮೆಯೂ ಬೇಡ. ಪಂಚಾಯ್ತಿಯ ಮಟ್ಟದಲ್ಲಿ ಕಾನೂನಿನ ಬಲ ಇರುವುದು ಗ್ರಾಮಸಭೆಗೆ. 1993ರ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಅದು ನಡೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅದರ ಸದಸ್ಯರು. 18 ತುಂಬಿದ ಹುಡುಗ, ಹುಡುಗಿ ಇಬ್ಬರೂ. ನಮ್ಮ ಕಾಲದಲ್ಲಿ 21 ಇತ್ತು. 1989ರಲ್ಲಿ 18ಕ್ಕೆ ಇಳಿಯಿತು. ಆದರೆ ಗ್ರಾಮಸಭೆಯಲ್ಲಿ ಇಪ್ಪತ್ತರ ಹರೆಯದವರು ಎಷ್ಟು ಕಾಣುತ್ತಾರೆ? ಮನೆ ಪಟ್ಟಿ ಓದುವಾಗ ಜನ, ಪಟ್ಟಿ ಮುಗಿದ ಮೇಲೆ ಖಾಲಿ ಕುರ್ಚಿ.

ಎರಡನ್ನೂ ಜೋಡಿಸಿದರೆ ಏನಾಗುತ್ತದೆ ಎಂಬುದನ್ನು ಒಂದು ಸಲ ನೋಡಿದೆವು. 2020ರ ಏಪ್ರಿಲಿನಲ್ಲಿ ಶುರುವಾದ 'ಇ-ಗ್ರಾಮ ಸ್ವರಾಜ್' ಎಂಬ ಜಾಲತಾಣದಲ್ಲಿ ಪ್ರತಿ ಪಂಚಾಯ್ತಿಯ ವರ್ಷದ ಯೋಜನೆ, ಖರ್ಚು ಹಾಕುತ್ತಾರೆ. ಯಾರು ಬೇಕಾದರೂ ನೋಡಬಹುದು, ಪಾಸ್‌ವರ್ಡ್ ಬೇಕಿಲ್ಲ. ನಮ್ಮ ಹುಡುಗರು ಅದರಲ್ಲಿ ನಮ್ಮೂರ ಹೆಸರಿನ ಕಾಮಗಾರಿಗಳನ್ನು ಮಾತ್ರ ಆರಿಸಿ, ಇಂಗ್ಲಿಷಿನಿಂದ ಕನ್ನಡಕ್ಕೆ ಬರೆದು, ಎರಡು ಹಾಳೆ ಜೆರಾಕ್ಸ್ ಮಾಡಿಸಿ ಗ್ರಾಮಸಭೆಗೆ ತಂದರು. ಸಿಟ್ಟಿಲ್ಲ, ಕೂಗಾಟವಿಲ್ಲ. ಒಬ್ಬ ಓದಿದ, 'ಇಂಥ ಕೇರಿಯ ಚರಂಡಿ, ಇಷ್ಟು ರೂಪಾಯಿ. ಇದು ಯಾವ ಜಾಗ ಅಂತ ತೋರಿಸಿದರೆ ನಾವೂ ನೋಡ್ತೀವಿ ಸಾರ್.'

ಸಭೆ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಹಿಂದಿದ್ದ ಮುದುಕಿಯೊಬ್ಬಳು, 'ಆ ಕೇರೀಲಿ ನಾನೇ ಇರೋದು. ಚರಂಡಿ ಎಲ್ಲೈತೆ?' ಎಂದಳು. ಹೇಳಿದವಳು ಅಜ್ಜಿ. ಹೇಳುವಂತೆ ಮಾಡಿದ್ದು ಆ ಎರಡು ಹಾಳೆ. ಚರ್ಚೆ ನಡಾವಳಿ ಪುಸ್ತಕಕ್ಕೆ ಹೋಯಿತು. ಮಳೆಗಾಲಕ್ಕೆ ಮುಂಚೆ ಆ ಕೇರಿಗೆ ಚರಂಡಿ ಬಂತು.

ಇಲ್ಲಿ ಯಾರ ಮನೆಗೂ ಫೋನು ಹೋಗಲಿಲ್ಲ. ಯಾಕೆಂದರೆ ಓದಿದವನ ಸುತ್ತ ಮೂವತ್ತು ಜನ ಕೂತಿದ್ದರು. ಒಬ್ಬನೇ ಕೊಟ್ಟ ದೂರಿಗೂ ಊರು ಕೇಳಿದ ಪ್ರಶ್ನೆಗೂ ಇರುವ ವ್ಯತ್ಯಾಸ ಇದೇ.

ಹಿರಿಯರ ಪಾಲಿನ ಕೆಲಸ

ಹುಡುಗರನ್ನು ಬೈಯುವುದು ಸುಲಭ. ನಮ್ಮ ಪಾಲಿಗೂ ಕೆಲಸವಿದೆ.

ದೂರಿಗೆ ಹಿರಿಯರ ಸಹಿ ಇರಲಿ. ಹುಡುಗರು ಬರೆಯಲಿ, ತುಂಬಲಿ, ಕಳಿಸಲಿ. ಹೆಸರು ಮಾತ್ರ ಹತ್ತು ಜನರದಿರಲಿ, ಅದರಲ್ಲಿ ತಲೆ ನರೆತವರು ಮೊದಲಿರಲಿ. ಯಾರಾದರೂ ಮನೆಗೆ ಫೋನು ಮಾಡಿದರೆ 'ನಾನೇ ಬರೆಸಿದ್ದು' ಎನ್ನುವ ಒಬ್ಬ ದೊಡ್ಡಪ್ಪ ಊರಲ್ಲಿ ಇರಬೇಕು.

ಊರ ವಾಟ್ಸಾಪ್ ಗುಂಪಿಗೆ ಕಟ್ಟುಪಾಡು ಹಾಕಿ. ಪಕ್ಷದ ವಿಡಿಯೊ, ಹುಟ್ಟುಹಬ್ಬ, ಜಾತಿ ಜಗಳ ಬಂದರೆ ಗುಂಪು ವಾರದಲ್ಲಿ ಸಾಯುತ್ತದೆ. ನಮ್ಮಲ್ಲಿ ಎರಡು ಸತ್ತವು. ಉಳಿದಿರುವ ಒಂದರಲ್ಲಿ ನೀರು, ಬೆಳೆ, ಪಂಚಾಯ್ತಿ, ಮಳೆ ಇಷ್ಟೇ.

ಇನ್ನೊಂದು, ಫಲ ಬಂದಾಗ ಹೇಳಬೇಕು. ಪರಿಹಾರ ಖಾತೆಗೆ ಬಿದ್ದಾಗ ಸುಮ್ಮನಿದ್ದು, ಬೀಳದಿದ್ದಾಗ ಮಾತ್ರ ಹುಡುಗರನ್ನು ಹುಡುಕಿದರೆ ಅವರು ಮುಂದಿನ ವರ್ಷ ಬರುವುದಿಲ್ಲ. ಒಂದು ಲೋಟ ಟೀ ಕೊಟ್ಟು 'ನಿನ್ನಿಂದ ಬಂತಪ್ಪ' ಎಂದರೆ ಸಾಕು.

ಶುರು ಮಾಡುವವರಿಗೆ

• ಐದಾರು ಜನ ಸೇರಿ. ಒಬ್ಬರೇ ಬೇಡ. ಹೆಣ್ಣುಮಕ್ಕಳೂ ಇರಲಿ.

• ಮುಂಗಾರು ಸಮೀಕ್ಷೆ ಮುಗಿದ ಕೂಡಲೇ ಬೆಳೆ ದರ್ಶಕದಲ್ಲಿ ಊರಿನ ಎಲ್ಲ ಸರ್ವೆ ನಂಬರು ನೋಡಿ. ಅಕ್ಕಡಿ ಬೆಳೆ ಇರುವ ಹೊಲಗಳನ್ನು ಎರಡು ಸಲ ನೋಡಿ. ಗಡುವು ಯಾವತ್ತು ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳಿ.

• ಆಲಿಕಲ್ಲು ಬಿದ್ದರೆ, ಇಲ್ಲವೇ ಕಿತ್ತು ಒಣಗಲು ಹಾಕಿದ ಶೇಂಗಾ ಅಕಾಲ ಮಳೆಗೆ ಸಿಕ್ಕರೆ 72 ಗಂಟೆಯೊಳಗೆ ವಿಮೆಯವರಿಗೆ ತಿಳಿಸಬೇಕು. ಕಟಾವಿನ ನಂತರದ ನಷ್ಟಕ್ಕೆ 14 ದಿನದವರೆಗೆ ಮಾತ್ರ ರಕ್ಷಣೆ. ಸಹಾಯವಾಣಿ 14447. ಫೋಟೊ ತೆಗೆದಿಡಿ.

• ದೂರು ಕೊಟ್ಟರೆ ದೂರಿನ ನಂಬರು, ತಾರೀಖು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಮೊಬೈಲು ಹಾಳಾಗುತ್ತದೆ, ಪುಸ್ತಕ ಉಳಿಯುತ್ತದೆ.

• ಕೆಲಸವಾಗದೆ 'ಮುಕ್ತಾಯ' ಎಂದು ಬಂದರೆ ಅದನ್ನು ಮುದ್ರಿಸಿ ಗ್ರಾಮಸಭೆಗೆ ಒಯ್ಯಿರಿ.

• ಮಾಹಿತಿ ಹಕ್ಕು ಕಾಯಿದೆ (2005) ಕೊನೆಯ ಅಸ್ತ್ರ. ಶುಲ್ಕ 10 ರೂ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಕೊಡಬೇಕು. ಬಾರದಿದ್ದರೆ ಮೇಲ್ಮನವಿ.

• ಯಾರದೇ ಆಧಾರ್, ಒಟಿಪಿ ನಿಮ್ಮ ಮೊಬೈಲಿನಲ್ಲಿ ಇಟ್ಟುಕೊಳ್ಳಬೇಡಿ. ಆಕ್ಷೇಪಣೆ ಹಾಕುವಾಗ ಹೊಲದ ಮಾಲೀಕರು ಪಕ್ಕದಲ್ಲೇ ಇರಲಿ. ಒಮ್ಮೆ ಅನುಮಾನ ಬಂದರೆ ಮಾಡಿದ ಕೆಲಸವೆಲ್ಲ ನೀರಿಗೆ ಹೋಗುತ್ತದೆ.

ಇಷ್ಟಕ್ಕೆ ದೊಡ್ಡ ಸಂಘ ಬೇಡ, ರಶೀದಿ ಪುಸ್ತಕ ಬೇಡ, ಪದಾಧಿಕಾರಿಗಳು ಬೇಡ. ನೋಟ್ ಪುಸ್ತಕ ಒಂದು, ಮೊಬೈಲು ಎರಡು ಮೂರು, ಹೊಲದ ಗುರುತು ಇರುವ ಹಿರಿಯರು ಇಬ್ಬರು ಸಾಕು. ನಮ್ಮೂರಲ್ಲಿ ಸಮೀಕ್ಷೆ ನೋಡುವ ಕೆಲಸ ಪ್ರತಿ ಮುಂಗಾರಿಗೂ ನಡೆದಿದೆ. ಮೊದಲ ವರ್ಷದ ಐವರಲ್ಲಿ ಇಬ್ಬರು ಕೆಲಸ ಸಿಕ್ಕಿ ಹೋದರು. ಅವರ ಜಾಗಕ್ಕೆ ಪಿಯುಸಿ ಹುಡುಗರು ಬಂದಿದ್ದಾರೆ. ನೀರಿನ ದೂರನ್ನು ಈ ಸಲ ಹದಿನೆಂಟು ಜನರ ಸಹಿಯಲ್ಲಿ ಕೊಟ್ಟಿದ್ದೇವೆ, ಮೊದಲ ಸಹಿ ಆ ಹುಡುಗನ ಅಪ್ಪನದು. ಉತ್ತರ ಇನ್ನೂ ಬರಬೇಕು.

ಬೇರೆ ಊರುಗಳಲ್ಲಿ ಹುಡುಗರು ಇಂಥದ್ದು ಮಾಡಿದ್ದರೆ ಪತ್ರಿಕೆಗೆ ಬರೆದು ತಿಳಿಸಿ. ಅದರಲ್ಲೂ 'ಮುಕ್ತಾಯ' ಎಂದು ಬಂದ ದೂರನ್ನು ಮತ್ತೆ ಎಬ್ಬಿಸಿ ಕೆಲಸ ಮಾಡಿಸಿಕೊಂಡ ಊರವರು ಹೇಗೆ ಮಾಡಿದಿರಿ ಎಂದು ಬರೆದರೆ ನಮ್ಮಂಥವರಿಗೆ ಬಹಳ ಉಪಕಾರ.